ದಂಡಿನ ಗಲ್ಲಿಗಳ ವೀರರು

ಹಲಸೂರಿನ ಗೌತಮಪುರಕ್ಕೆ ಹೋದರೆ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳು ಕಾಣುತ್ತವೆ. ಅವರ ಜೊತೆಯಲ್ಲೇ, ಅಷ್ಟೇ ಮರ್ಯಾದೆಯಿಂದ, ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಪೆಲೆಯನ್ನೂ ನಿಲ್ಲಿಸಿದ್ದಾರೆ. ವಿಶ್ವಕಪ್ ಬಂತೆಂದರೆ ಈ ಬೀದಿಗಳಿಗೆ ಹಳದಿ-ಹಸಿರು ಬಣ್ಣ ಬಂದುಬಿಡುತ್ತದೆ. ಗೋಡೆಗಳ ಮೇಲೆ ಆಟಗಾರರ ಚಿತ್ರ, ಗಲ್ಲಿಯ ಉದ್ದಕ್ಕೂ ಬಾವುಟದ ತೋರಣ, ರಾತ್ರಿ ಪರದೆಯ ಮುಂದೆ ಇಡೀ ಕೇರಿ. 2022ರ ಡಿಸೆಂಬರ್ 29ರಂದು ಪೆಲೆ ತೀರಿಕೊಂಡಾಗ ಇಲ್ಲಿನವರು ಆ ಪ್ರತಿಮೆಗೆ ಹಾರ ಹಾಕಿ ದುಃಖಪಟ್ಟರು. ಬೆಂಗಳೂರಿನ ಬೇರೆ ಯಾವ ಕೇರಿಯೂ ಒಬ್ಬ ಆಟಗಾರನನ್ನು ಇಷ್ಟು ಹತ್ತಿರದವನೆಂದು ಒಪ್ಪಿಕೊಂಡಿದ್ದನ್ನು ನಾನು ಕಾಣೆ.

ಹಳಬರು ಈ ಕೇರಿಯನ್ನು ಈಗಲೂ ಗನ್ ಟ್ರೂಪ್ಸ್ ಎಂದೇ ಕರೆಯುತ್ತಾರೆ. ಬ್ರಿಟಿಷರ ಫಿರಂಗಿ ದಳದ ನೆನಪು ಹೊತ್ತ ಹೆಸರು ಅದು. ದಂಡಿನ, ಅಂದರೆ ಕಂಟೋನ್ಮೆಂಟಿನ, ಸಿಪಾಯಿಗಳು ಸಂಜೆ ಹೊತ್ತು ಮೈದಾನದಲ್ಲಿ ಬೂಟು ಹಾಕಿಕೊಂಡು ಆಡುತ್ತಿದ್ದ ಆಟವನ್ನು, ದಂಡಿಗಾಗಿ ದುಡಿಯುತ್ತಿದ್ದವರ ಮಕ್ಕಳು ಅಂಚಿನಲ್ಲಿ ನಿಂತು ನೋಡಿದರು. ಆಮೇಲೆ ಬರಿಗಾಲಿನಲ್ಲಿ ಕಲಿತರು. ಆ ಕಲಿಕೆ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮುಂಬೈಯಲ್ಲಿ 1891ರಲ್ಲಿ ಶುರುವಾದ ರೋವರ್ಸ್ ಕಪ್ ಅನ್ನು ನಾಲ್ಕು ದಶಕಗಳಿಗೂ ಮೀರಿ ಬ್ರಿಟಿಷ್ ಪಡೆಗಳ ತಂಡಗಳೇ ಗೆಲ್ಲುತ್ತ ಬಂದವು. 1937ರಲ್ಲಿ ಆ ಸಾಲನ್ನು ಮುರಿದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮೂರಿನ ತಂಡ. ಮರುವರ್ಷವೂ ಕಪ್ಪು ಅವರದ್ದೇ. ಸ್ವಾತಂತ್ರ್ಯ ಬರುವ ಹೊತ್ತಿಗೆ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನೂ ತಂದಿತ್ತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಇಳಿಯಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. 2-1ರಿಂದ ಸೋತೆವು, ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಆದರೆ ಆ ಒಂದು ಗೋಲು, ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು, ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಬೆಂಗಳೂರಿನವರು. ಚೆಂಡು ಅವರ ಕಾಲಿಗೆ ಬಂದರೆ ಎದುರಾಳಿಗೆ ದಿಕ್ಕು ತಪ್ಪುತ್ತಿತ್ತು. ಅದಕ್ಕೇ ಅವರನ್ನು ‘ಹಾವಾಡಿಗ’ ಎಂದು ಕರೆದರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಚೂಣಿಯ ಐವರಿಗೆ ‘ಪಂಚ ಪಾಂಡವರು’ ಎಂದು ಬಂಗಾಳಿಗಳು ಹೆಸರಿಟ್ಟಿದ್ದರು. ಆ ಐವರಲ್ಲಿ ಅಹಮದ್ ಖಾನ್ ಒಬ್ಬರು. ಅವರು ತೀರಿಕೊಂಡದ್ದು ತೀರಾ ಈಚೆಗೆ, 2017ರಲ್ಲಿ. ಅಷ್ಟು ವರ್ಷ ನಮ್ಮ ನಡುವೆಯೇ ಇದ್ದ ಇಂಥ ಆಟಗಾರನ ಮೇಲೆ ಕನ್ನಡದಲ್ಲಿ ಎಷ್ಟು ಪುಟ ಬಂದಿವೆ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಯಾಕೆಂದರೆ ಪೇಟೆಯ ಬೆಂಗಳೂರಿಗೆ ಕನ್ನಡದಲ್ಲಿ ಕಥೆಗಾರರ ಕೊರತೆ ಎಂದೂ ಇರಲಿಲ್ಲ. ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ಯೊಂದನ್ನೇ ತೆಗೆದುಕೊಳ್ಳಿ: ವಿದ್ವಾಂಸರು, ಗಾಯಕರು, ದಿವಾನರು, ವೈದಿಕರು, ಸಾಮಾನ್ಯರು, ಎಲ್ಲರೂ ಅಲ್ಲಿ ನಡೆದಾಡುತ್ತಾರೆ. ಕಬ್ಬನ್ ಪಾರ್ಕಿನ ಈಚೆಗಿರುವ ದಂಡಿಗೆ ಅಂಥ ಚಿತ್ರಶಾಲೆ ಇನ್ನೂ ಬಂದಿಲ್ಲ. ಇಲ್ಲಿನ ಕಥೆಗಳಲ್ಲಿ ಒಂದು ಪಾಲು ಇಂಗ್ಲಿಷಿನಲ್ಲಿ ಅಚ್ಚಾದವು. ಉಳಿದವು ತಮಿಳು, ದಖನಿ, ತೆಲುಗು ಮನೆಮಾತುಗಳಲ್ಲಿ ಅಜ್ಜಿಯರ ಜೊತೆ ಉಳಿದುಕೊಂಡವು. ಇದು ಯಾರದೋ ಊರು ಎಂದು ಕನ್ನಡದ ಲೇಖಕರು ಪಾರ್ಕಿನ ಆ ಬದಿಯಲ್ಲೇ ನಿಂತುಬಿಟ್ಟರು.

ಹೀಗಾಗಲು ಚರಿತ್ರೆಯಲ್ಲಿ ಕಾರಣವಿದೆ. ಟಿಪ್ಪು ಬಿದ್ದ ಮೇಲೆ ಬ್ರಿಟಿಷ್ ಸೈನ್ಯಕ್ಕೆ ಶ್ರೀರಂಗಪಟ್ಟಣದ ಹವೆ ಒಗ್ಗಲಿಲ್ಲ. ಜ್ವರದಿಂದ ಸಿಪಾಯಿಗಳು ಸಾಯುತ್ತಿದ್ದರು. 1809ರ ಹೊತ್ತಿಗೆ ಹಲಸೂರಿನ ಸುತ್ತಲ ಬಯಲಲ್ಲಿ ದಂಡು ನೆಲೆಯೂರಿತು. ಮದರಾಸಿನ ಸೈನ್ಯದ ಬೆನ್ನಿಗೆ ಆ ಕಡೆಯ ವ್ಯಾಪಾರಿಗಳು, ಗುತ್ತಿಗೆದಾರರು, ಕೂಲಿಗಳು ಬಂದರು. 1864ರ ಆಗಸ್ಟ್‌ನಲ್ಲಿ ಜೋಲಾರಪೇಟೆಯಿಂದ ರೈಲು ಬಂದು ನಿಂತದ್ದೂ ದಂಡು ನಿಲ್ದಾಣದಲ್ಲೇ. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಮಾತ್ರ ಸಿವಿಲ್ ಆ್ಯಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ವಾಪಸಾದದ್ದು 1947ರ ಜುಲೈ 26ರಂದು. ಎರಡು ಊರುಗಳ ಪುರಸಭೆಗಳು ಒಂದಾಗಿ ಕಾರ್ಪೊರೇಷನ್ ಆದದ್ದು 1949ರಲ್ಲಿ. ಆಡಳಿತ ಒಂದಾಗಿ ಮುಕ್ಕಾಲು ಶತಮಾನ ಕಳೆಯಿತು. ನೆನಪುಗಳು ಒಂದಾಗಿಲ್ಲ.

ಇಂಗ್ಲಿಷಿನಲ್ಲಿ ಅಚ್ಚಾದ ದಂಡಿನ ಪುರಾಣ ಎಲ್ಲರಿಗೂ ಬಾಯಿಪಾಠ. 1896ರಲ್ಲಿ ಹುಸಾರ್ಸ್ ಅಶ್ವದಳದ ಎಳೆಯ ಅಧಿಕಾರಿಯಾಗಿ ಬಂದ ವಿನ್‌ಸ್ಟನ್ ಚರ್ಚಿಲ್ ಇಲ್ಲಿ ಪೋಲೊ ಆಡಿದ, ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ, ಗಿಬ್ಬನ್ನನ ಚರಿತ್ರೆ ಓದಿದ. ಇಂದು ಬೆಂಗಳೂರು ಕ್ಲಬ್ ಎನ್ನುವ ಅಂದಿನ ಯುನೈಟೆಡ್ ಸರ್ವಿಸಸ್ ಕ್ಲಬ್ಬಿಗೆ ಕೊಡಬೇಕಿದ್ದ 13 ರೂಪಾಯಿ ಬಾಕಿ ಉಳಿಸಿ ಹೋದ. ಆ ಬಾಕಿಯ ಲೆಕ್ಕದ ಪುಸ್ತಕ ಇಂದಿಗೂ ಕ್ಲಬ್ಬಿನಲ್ಲಿದೆ. ಬೆಂಗಳೂರಿನ ಬಗ್ಗೆ ಬರೆಯುವವರೆಲ್ಲ ಒಮ್ಮೆಯಾದರೂ ಈ 13 ರೂಪಾಯಿಯನ್ನು ತರುತ್ತಾರೆ. ಅದಕ್ಕೆ ಸಿಕ್ಕ ಜಾಗದಲ್ಲಿ ನೂರರಲ್ಲಿ ಒಂದು ಪಾಲೂ ಸಾರಂಗಪಾಣಿ ರಾಮನ್ ಅವರ ಗೋಲಿಗೆ ಸಿಕ್ಕಿಲ್ಲ.

ಆದರೂ ಆ ಪುರಾಣದಲ್ಲಿ ಕೆಲವು ನಿಜವಾಗಿ ದೊಡ್ಡ ಕಥೆಗಳಿವೆ, ಬಿಡಬಾರದು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ ಇಲ್ಲಿದ್ದಾಗ ಅವನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಓಲಾಡುವುದು ಕಣ್ಣಿಗೆ ಬಿತ್ತು. ತೊಟ್ಟಿ ಬೋರಲು ಹಾಕಿಸಿದ, ಸೊಳ್ಳೆ ಕಡಿಮೆಯಾಯಿತು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡುಹಿಡಿದು, 1902ರಲ್ಲಿ ನೊಬೆಲ್ ಪಡೆದವನು ಇವನೇ. ಮಲೇರಿಯಾಕ್ಕೆ ಹೆದರಿ ಓಡಿಬಂದ ಸೈನ್ಯದ ಊರಿನಲ್ಲೇ ಅವನ ಕಣ್ಣು ಸೊಳ್ಳೆಯ ಮೇಲೆ ಬಿದ್ದಿತು. ಇನ್ನೊಂದು, ಹಲಸೂರು ಕೆರೆಯ ದಂಡೆಯ ಮದರಾಸ್ ಸ್ಯಾಪರ್ಸ್ ಪಡೆಯದು. 1912ರಲ್ಲಿ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಳ್ಳುತಂತಿಯ ಅಡಿಗೆ ತಳ್ಳಿ ಸಿಡಿಸುವ ಉಪಾಯ ಮಾಡಿದ. ಅದಕ್ಕೆ ಬೆಂಗಳೂರು ಟಾರ್ಪಿಡೊ ಎಂದೇ ಹೆಸರಾಯಿತು. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಇಳಿದ ಸೈನಿಕರು ತಂತಿಬೇಲಿ ಒಡೆದದ್ದು ಇದರಿಂದ. ಅದೇ ವರ್ಷ ಇಟಲಿಯಲ್ಲಿ ಇದೇ ಸ್ಯಾಪರ್ಸ್ ಪಡೆಯ ಸುಬೇದಾರ್ ಸುಬ್ರಮಣಿಯನ್ ಸಂಗಡಿಗರನ್ನು ಉಳಿಸಲು ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಬಂತು.

ದಂಡಿನ ದೊಡ್ಡ ದಾನಿಗಳ ಮಾತಿಗೆ ಬರೋಣ. ಹೈಕೋರ್ಟಿನ ಕೆಂಪು ಕಟ್ಟಡ, ಅಠಾರಾ ಕಚೇರಿ, ಯಾರಿಗೆ ಗೊತ್ತಿಲ್ಲ? 1868ರಲ್ಲಿ ಮುಗಿದ ಅದರ ಕಾಮಗಾರಿಯಲ್ಲಿ ಗುತ್ತಿಗೆದಾರರಾಗಿ ದುಡಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಗುತ್ತಿಗೆಯಲ್ಲಿ ದುಡಿದ ಹಣವನ್ನು ಅವರು ಬಡಮಕ್ಕಳ ಶಾಲೆಗೆ ಸುರಿದರು. ಹಲಸೂರಿನ ಹತ್ತಿರದ ಆರ್‌ಬಿಎಎನ್‌ಎಂ ಶಾಲೆಗಳ ಹೆಸರಿನಲ್ಲಿ ಆ ಅಕ್ಷರಗಳ ಹಿಂದೆ ಕೂತಿರುವುದು ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರೇ. ಅಲ್ಲಿ ಓದಿದ ಎಷ್ಟೋ ಮಂದಿಗೆ ಈ ವಿಸ್ತರಣೆ ಗೊತ್ತಿಲ್ಲ. ಹಾಜಿ ಸರ್ ಇಸ್ಮಾಯಿಲ್ ಸೇಠ್ ಇನ್ನೊಬ್ಬರು. ದೊಡ್ಡ ವ್ಯಾಪಾರಿ. ಪರದೆಯ ಪದ್ಧತಿಯಿಂದಾಗಿ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಿದ್ದ ಹೆಂಗಸರಿಗಾಗಿ ಶಿವಾಜಿನಗರದಲ್ಲಿ ಗೋಷಾ ಆಸ್ಪತ್ರೆ ಕಟ್ಟಿಸಿಕೊಟ್ಟರು. ಅದು ಇಂದಿಗೂ ಹೆರಿಗೆ ಆಸ್ಪತ್ರೆಯಾಗಿ ನಡೆಯುತ್ತಿದೆ, ಅಲ್ಲಿ ಎಲ್ಲ ಜಾತಿ ಮತಗಳ ಮಕ್ಕಳು ಹುಟ್ಟುತ್ತಾರೆ. ರಸೆಲ್ ಮಾರ್ಕೆಟ್ ಉದ್ಘಾಟನೆಯೊಂದಿಗೂ ಅವರ ಹೆಸರು ಸೇರಿಕೊಂಡಿದೆ. 2012ರ ಬೆಂಕಿಯಲ್ಲಿ ಆ ಮಾರ್ಕೆಟ್‌ನ ಎಷ್ಟೋ ಮಳಿಗೆಗಳು ಸುಟ್ಟುಹೋದವು. ವ್ಯಾಪಾರಿಗಳು ಬೂದಿ ಗುಡಿಸಿ ಮತ್ತೆ ಅಲ್ಲೇ ಕೂತರು.

ಮಾರ್ಕೆಟ್‌ನ ಎದುರಿಗೇ ಸೇಂಟ್ ಮೇರಿ ಬೆಸಿಲಿಕಾದ ಗೋಪುರ. 1882ರ ಸೆಪ್ಟೆಂಬರ್ 8ರಂದು ಈ ದೇವಾಲಯದ ಪ್ರತಿಷ್ಠಾಪನೆಯಾಯಿತು. ಅದಕ್ಕೂ ಮುಂಚೆ, ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ, ಮೈಸೂರು ಸೀಮೆಯನ್ನು ನಡೆದೇ ಸುತ್ತಿದ ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿ ಇಲ್ಲಿ ಹುಲ್ಲು ಹೊದಿಸಿದ ಪುಟ್ಟ ಗುಡಿ ಕಟ್ಟಿದ್ದರು. ಪ್ರತಿವರ್ಷ ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ. ನಂತರ ಒಂಬತ್ತು ದಿನದ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ತೇರು. ಆ ದಿನಗಳಲ್ಲಿ ಶಿವಾಜಿನಗರಕ್ಕೆ ಕಾವಿ ಬಣ್ಣದ ಬಟ್ಟೆ ಉಟ್ಟ ಹರಕೆಯವರು ಹರಿದುಬರುತ್ತಾರೆ. ಮಾತೆಗೆ ರೇಷ್ಮೆ ಸೀರೆ ಉಡಿಸಿರುತ್ತಾರೆ. ಬಳೆ, ಹೂವು, ಮೇಣದಬತ್ತಿಗಳ ಅಂಗಡಿಸಾಲು ಬೀದಿಯುದ್ದಕ್ಕೂ ಬೆಳೆಯುತ್ತದೆ. ತೇರಿನ ಹಿಂದೆ ನಡೆಯುವವರಲ್ಲಿ ಹಣೆಗೆ ಕುಂಕುಮ ಇಟ್ಟವರೂ ಇರುತ್ತಾರೆ, ಬುರ್ಖಾ ಹಾಕಿದವರೂ ಇರುತ್ತಾರೆ. ಪ್ಲೇಗಿನ ಕಾಲದಲ್ಲಿ ಈ ತಾಯಿ ಕೈಹಿಡಿದಳು ಎಂಬ ಮಾತು ಹಳಬರ ಬಾಯಲ್ಲಿದೆ. 1898ರಲ್ಲಿ ಬಂದ ಆ ಪ್ಲೇಗು ಇಕ್ಕಟ್ಟಾದ ಈ ಕೇರಿಗಳನ್ನು ಬಹಳ ಕಾಡಿತ್ತು. ಅದರ ಪಾಠದಿಂದಲೇ ಗಾಳಿ-ಬೆಳಕು ಹರಿದಾಡುವ, ಇಲಿ ಸೇರದಂಥ ಮನೆಗಳ ಬಡಾವಣೆ ಬೇಕೆಂದು 1906ರ ನಂತರ ಫ್ರೇಜರ್ ಟೌನ್ ಎದ್ದಿತು. ಬೆಂಗಳೂರಿನಲ್ಲಿ ರೋಗಕ್ಕೆ ಹೆದರಿ ದೇವರನ್ನೂ ಹುಡುಕಿದ್ದೇವೆ, ಅಗಲ ರಸ್ತೆಯನ್ನೂ ಹುಡುಕಿದ್ದೇವೆ. ಎರಡೂ ಉಳಿದವು.

ಹಲಸೂರಿನ ಸೋಮೇಶ್ವರನ ಕಥೆ ಮಾತ್ರ ಕನ್ನಡದ ಕಿವಿಗೆ ಹಳೆಯದು. ಬೇಟೆಗೆ ಬಂದ ಕೆಂಪೇಗೌಡರು ದಣಿದು ಮರದಡಿ ಮಲಗಿದರಂತೆ. ಕನಸಿನಲ್ಲಿ ಸೋಮೇಶ್ವರ ಬಂದು, ಇಲ್ಲೇ ಹೂತಿರುವ ನಿಧಿ ತೆಗೆದು ನನಗೆ ಗುಡಿ ಕಟ್ಟು ಎಂದನಂತೆ. ಗುಡಿಯ ಮೂಲ ಚೋಳರ ಕಾಲಕ್ಕೆ ಹೋಗುತ್ತದೆ, ಯಲಹಂಕ ನಾಡಪ್ರಭುಗಳು ಅದನ್ನು ಬೆಳೆಸಿದರು ಎನ್ನುವುದು ಚರಿತ್ರೆಕಾರರ ಮಾತು. ಕನಸಿನ ಕಥೆಯೂ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ: ಮಣ್ಣಿನಡಿ ಮೊದಲೇ ಏನೋ ಇತ್ತು. ಚೈತ್ರ ಹುಣ್ಣಿಮೆಯ ರಾತ್ರಿ ಇಲ್ಲಿನ ಹೂವಿನ ಪಲ್ಲಕ್ಕಿಗಳನ್ನು ನೋಡಬೇಕು. ಸುತ್ತಲ ದೇವಸ್ಥಾನಗಳಿಂದ ಒಂದೊಂದಾಗಿ ಹೊರಡುತ್ತವೆ. ಮಲ್ಲಿಗೆ ಮೊಗ್ಗನ್ನು ಒತ್ತೊತ್ತಾಗಿ ಪೋಣಿಸಿದ ಗೋಪುರ, ಅದರ ಸುತ್ತ ಬಣ್ಣದ ದೀಪ, ಮುಂದೆ ನಾದಸ್ವರ ಮತ್ತು ತಮಟೆ. ಕೆಳಗೆ ಜೋತುಬಿದ್ದ ವಿದ್ಯುತ್ ತಂತಿ ಅಡ್ಡ ಬಂದಾಗ ಉದ್ದನೆಯ ಕೋಲು ಹಿಡಿದ ಹುಡುಗನೊಬ್ಬ ಅದನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಾನೆ, ಪಲ್ಲಕ್ಕಿ ಅಡಿಯಲ್ಲಿ ಜಾರಿ ಮುಂದಕ್ಕೆ ಹೋಗುತ್ತದೆ. ಬೆಳಗಿನ ಜಾವದವರೆಗೂ ಬಜಾರ್ ಬೀದಿಯಲ್ಲಿ ಜನ ಮಲಗುವುದಿಲ್ಲ.

ಇದೇ ಹಲಸೂರು ಕೆರೆಯ ಬಳಿ ಒಂದು ಪ್ರತಿಮೆ 18 ವರ್ಷ ಬಟ್ಟೆ ಸುತ್ತಿಕೊಂಡು ನಿಂತಿತ್ತು. 1991ರಲ್ಲಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ ಅದು. ಕಾವೇರಿಯ ಜಗಳ, ಭಾಷೆಯ ಜಗಳ ಅದರ ಮುಸುಕು ತೆಗೆಯಗೊಡಲಿಲ್ಲ. ಕೊನೆಗೆ 2009ರ ಆಗಸ್ಟ್ 9ರಂದು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳು ಕೂಡಿ ಅನಾವರಣ ಮಾಡಿದರು. ನಾಲ್ಕು ದಿನಗಳ ನಂತರ ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞ ನಿಂತ. ಆ ಜಗಳದಲ್ಲಿ ಯಾರು ಸರಿ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಆದರೆ ಈ ಭಾಗದ ತಮಿಳು ಬ್ರಿಟಿಷರ ಜೊತೆ ಬಂದದ್ದಷ್ಟೇ ಎಂದು ತಿಳಿಯುವವರು ಒಮ್ಮೆ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಗೆ ಹೋಗಬೇಕು. ಅಲ್ಲಿ ಹೊಯ್ಸಳರ ಕಾಲದ ತಮಿಳು ಶಾಸನಗಳಿವೆ. ಕನ್ನಡದ ದೊರೆಗಳು, ತಮಿಳಿನ ಶಾಸನ. ಆಗಿನವರಿಗೆ ಅದು ವಿಚಿತ್ರವಾಗಿ ಕಂಡಿರಲಿಕ್ಕಿಲ್ಲ.

ಕನ್ನಡನಾಡಿನ ಒಳಗಿಂದ ಬಂದು ದಂಡಿನ ದಂತಕಥೆಯಾದವರೂ ಇದ್ದಾರೆ. ಮ್ಯೂಸಿಯಂ ರಸ್ತೆಯ ಪ್ರೀಮಿಯರ್ ಬುಕ್ ಶಾಪ್‌ನ ಟಿ.ಎಸ್. ಶಾನಭಾಗರು ಕುಂದಾಪುರದ ಕಡೆಯವರು. 1971ರಲ್ಲಿ ತೆರೆದ ಅಂಗಡಿ ಒಂದು ಕೋಣೆಯಷ್ಟೇ. ನಡುವೆ ಪುಸ್ತಕಗಳ ಗುಡ್ಡ, ಗೋಡೆಗೆ ಪುಸ್ತಕಗಳ ಗುಡ್ಡ, ಎರಡರ ಮಧ್ಯೆ ಒಬ್ಬರು ಓರೆಯಾಗಿ ಸಾಗುವಷ್ಟು ಜಾಗ. ಎದುರಿನಿಂದ ಇನ್ನೊಬ್ಬರು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು. ಪುಸ್ತಕದ ಹೆಸರು ಹೇಳಿದರೆ ಶಾನಭಾಗರು ಎದ್ದು ಬಂದು, ಯಾವುದೋ ರಾಶಿಯ ಅಡಿಯಿಂದ, ಮೇಲಿನದೊಂದೂ ಉರುಳದ ಹಾಗೆ ಅದನ್ನು ಎಳೆದು ಕೊಡುತ್ತಿದ್ದರು. ಕೇಳದೆಯೇ ರಿಯಾಯಿತಿ. ಮಾತು ಕಡಿಮೆ, ನಗು ಮೆಲ್ಲನೆ. ರಾಮಚಂದ್ರ ಗುಹಾ ಅವರಂಥ ಇತಿಹಾಸಕಾರರು ಈ ಅಂಗಡಿಯ ಬಗ್ಗೆ ಅಕ್ಕರೆಯಿಂದ ಬರೆದಿದ್ದಾರೆ. 2009ರಲ್ಲಿ ಅಂಗಡಿ ಮುಚ್ಚಿತು. 2021ರ ಮೇ ತಿಂಗಳಲ್ಲಿ ಕೋವಿಡ್ ಶಾನಭಾಗರನ್ನು ಒಯ್ದಿತು. ಆ ದಿನಗಳ ಸಾವುಗಳ ಪಟ್ಟಿಯ ನಡುವೆಯೂ ಊರು ಒಬ್ಬ ಪುಸ್ತಕ ವ್ಯಾಪಾರಿಗಾಗಿ ಕಣ್ಣೀರಿಟ್ಟಿತು. ಓದುವವರಿಗೆ ಅವರು ಮಾಡಿದ ಉಪಕಾರ ಯಾವ ವಿಶ್ವವಿದ್ಯಾಲಯದ್ದಕ್ಕೂ ಕಡಿಮೆಯದಲ್ಲ.

ಇನ್ನೂ ಪೂರ್ವಕ್ಕೆ ಹೋದಂತೆ ಕಥೆಗಳು ಹೊಸವಾಗುತ್ತವೆ. ಬಿನ್ನಮಂಗಲದ ಹೊಲಗಳ ಮೇಲೆ 1970ರ ದಶಕದಲ್ಲಿ ಎದ್ದ ಇಂದಿರಾನಗರಕ್ಕೆ 2021ರಲ್ಲಿ ಒಬ್ಬ ‘ಗೂಂಡಾ’ ಸಿಕ್ಕಿದ. ಜೀವಮಾನವೆಲ್ಲ ಸಂಯಮಕ್ಕೆ ಹೆಸರಾದ ರಾಹುಲ್ ದ್ರಾವಿಡ್ ಜಾಹೀರಾತೊಂದರಲ್ಲಿ ಟ್ರಾಫಿಕ್ ನಡುವೆ ಕಾರಿನಿಂದ ಮೇಲೆದ್ದು, ‘ಇಂದಿರಾನಗರದ ಗೂಂಡಾ ನಾನು’ ಎಂದು ಹಿಂದಿಯಲ್ಲಿ ಅಬ್ಬರಿಸಿದ್ದು ದೇಶವೆಲ್ಲ ಹಬ್ಬಿತು. ಬಡಾವಣೆಯೊಂದು ತನ್ನ ಜಾನಪದವನ್ನು ಹೀಗೂ ಪಡೆದುಕೊಳ್ಳುತ್ತದೆ.

ಕೃಷ್ಣರಾಜಪುರದ ಕಡೆಯನ್ನು ಈಗ ತೂಗುಸೇತುವೆ ಮತ್ತು ಟಿನ್ ಫ್ಯಾಕ್ಟರಿ ನಿಲ್ದಾಣದ ಟ್ರಾಫಿಕ್‌ನಿಂದಷ್ಟೇ ಗುರುತಿಸುತ್ತೇವೆ. ಆದರೆ ಬೆಂಗಳೂರಿನ ಈ ಬದಿಯ ಬಯಲಿನಲ್ಲೇ 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ವಿಲಿಯಂ ಲ್ಯಾಂಬ್ಟನ್ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಸುಮಾರು ಏಳೂವರೆ ಮೈಲಿ ನೇರಗೆರೆ ಅಳೆದ. ಮುಂದೆ ಇಡೀ ಹಿಂದೂಸ್ತಾನದ ನಕ್ಷೆಗೆ ದಾರಿಯಾದ ಮಹಾ ಅಳತೆಗೆ ಅದು ಮೊದಲ ತಾಲೀಮು. ಆ ಸರಪಳಿ ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು, ಕಲ್ಕತ್ತೆಯ ಮೂಲಕ ಲ್ಯಾಂಬ್ಟನ್ ಕೈ ಸೇರಿದ್ದು. ಅದನ್ನು ಹಳ್ಳಿಯ ಹೊಲಗಳ ಮೇಲೆ ಹೊತ್ತು ಎಳೆದ ಕೂಲಿಗಳ ಹೆಸರು ಎಲ್ಲೂ ಇಲ್ಲ.

ಹೆಸರಿಲ್ಲದೆ ಹೋಗುವುದು ಆಗಿನ ಕಾಲಕ್ಕೆ ಮುಗಿಯಲಿಲ್ಲ ಎನ್ನುವುದೇ ನನ್ನ ಆತಂಕ. ಗೌತಮಪುರದಲ್ಲಿ, ಆಸ್ಟಿನ್ ಟೌನ್‌ನಲ್ಲಿ, ಮರ್ಫಿ ಟೌನ್‌ನಲ್ಲಿ ಹಳೆಯ ಆಟಗಾರರನ್ನು ಕಣ್ಣಾರೆ ಕಂಡವರು ಈಗ ಎಂಬತ್ತರ ಆಚೆಗಿದ್ದಾರೆ. ರಸೆಲ್ ಮಾರ್ಕೆಟ್‌ನಲ್ಲಿ ತಲೆಮಾರುಗಳಿಂದ ಕೂತ ಕುಟುಂಬಗಳಿವೆ. 1948ರಲ್ಲಿ ದೂರವಾಣಿನಗರದಲ್ಲಿ ಶುರುವಾದ ಐಟಿಐ, ಅದಕ್ಕೂ ಹಿಂದಿನ ಎಚ್‌ಎಎಲ್, ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಗಳು ಪೂರ್ವಕ್ಕೆ ಕನ್ನಡವನ್ನೂ ರಾಜ್ಯೋತ್ಸವವನ್ನೂ ನಾಟಕವನ್ನೂ ತಂದವು. ಅಲ್ಲಿ ದುಡಿದು ನಿವೃತ್ತರಾದವರು ಇನ್ನೂ ಅದೇ ಬಡಾವಣೆಗಳಲ್ಲಿದ್ದಾರೆ.

ಆದ್ದರಿಂದ ಒಂದು ವಿನಂತಿ. ಸಾರ್ವಜನಿಕ ಉದ್ಯಮಗಳ ಕನ್ನಡ ಸಂಘಗಳು ನವೆಂಬರ್ ತಿಂಗಳ ಖರ್ಚಿನಲ್ಲಿ ಒಂದು ಪಾಲನ್ನು ಈ ಹಿರಿಯರ ಮಾತು ದಾಖಲಿಸಲು ತೆಗೆದಿಡಲಿ. ಹಲಸೂರು, ಶಿವಾಜಿನಗರದ ಶಾಲೆಗಳ ಕನ್ನಡ ಮೇಷ್ಟ್ರುಗಳು ‘ನನ್ನ ಕೇರಿಯ ಒಬ್ಬರು’ ಎಂಬ ಪ್ರಬಂಧವನ್ನು ಮಕ್ಕಳಿಂದ ಬರೆಸಲಿ. ಓದುಗರೇ, ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ದಂಡಿನಲ್ಲಿ ಬೆಳೆದ ಅಜ್ಜನೋ ಅಜ್ಜಿಯೋ ಇದ್ದರೆ ಈ ವಾರವೇ ಹೋಗಿ ಕೂತು ಕೇಳಿ. ಅವರು ತಮಿಳಿನಲ್ಲಿ ಹೇಳಲಿ, ದಖನಿಯಲ್ಲಿ ಹೇಳಲಿ, ಹೆಸರು-ಇಸವಿಗಳ ಸಮೇತ ಕನ್ನಡದಲ್ಲಿ ಬರೆದಿಡಿ.